ಪಂಚಾಯಿತಿ ಮೊಹರು ಬಿದ್ದ ಆಕಾಶ

ನನ್ನ ಕೆಲಸ ಏನೆಂದು ನಮ್ಮ ಕಡೆಯವರಿಗೆ ಹೇಳಿ ಹೇಳಿ ಸಾಕಾಗಿದೆ. ವಿಮಾನ ಓಡಿಸುತ್ತೀಯಾ ಎಂದರೆ ಇಲ್ಲ. ವಿಮಾನದೊಳಗೆ ಕಾಫಿ ಕೊಡುತ್ತೀಯಾ ಎಂದರೆ ಅದೂ ಇಲ್ಲ. ವಿಮಾನ ನಿಲ್ದಾಣದ ಟವರಿನಲ್ಲಿ ಕೂತು, ರೇಡಿಯೊದಲ್ಲಿ ಪೈಲಟ್‌ಗಳ ಜೊತೆ ಮಾತಾಡಿ, ಯಾರು ಇಳಿಯಬೇಕು, ಯಾರು ಏರಬೇಕು, ಯಾರು ಸ್ವಲ್ಪ ಹೊತ್ತು ಕಾಯಬೇಕು ಎಂದು ಹೇಳುವವಳು ನಾನು. ಹೊಸನಗರದ ಬಸ್‌ಸ್ಟ್ಯಾಂಡಿನಲ್ಲಿ ಒಮ್ಮೆ ಇಷ್ಟನ್ನೂ ವಿವರಿಸಿದ ಮೇಲೆ ನಮ್ಮೂರಿನ ಹಿರಿಯರೊಬ್ಬರು, ‘ಹಂಗಾರೆ ಟ್ರಾಫಿಕ್ ಪೊಲೀಸ್ ಅನ್ನು’ ಎಂದು ತೀರ್ಪು ಕೊಟ್ಟು ಬಸ್ ಹತ್ತಿದರು. ಅವತ್ತಿನಿಂದ ವಿವರಿಸುವುದನ್ನು ಕಡಿಮೆ ಮಾಡಿದೆ.

ನನ್ನ ಸೋದರಮಾವ ಮಾತ್ರ ನನಗೆ ಬೇರೆ ಹೆಸರು ಇಟ್ಟಿದ್ದರು: ಆಕಾಶದ ಆಫೀಸರು. ಅವರ ಮನೆ ತೀರ್ಥಹಳ್ಳಿ ತಾಲೂಕಿನಲ್ಲಿ, ಅರಳಸುರಳಿಯ ಆಚೆ. ಕೆಲವು ವರ್ಷಗಳಿಂದ ಮನೆಯ ಪಕ್ಕದಲ್ಲೇ ಮೂರು ಕೋಣೆ ಕಟ್ಟಿಸಿ ಹೋಂಸ್ಟೇ ನಡೆಸುತ್ತಿದ್ದಾರೆ. ಬಂದ ಅತಿಥಿಗಳನ್ನು ಜೀಪಿನಲ್ಲಿ ಜೋಗಕ್ಕೆ, ವರದಹಳ್ಳಿಗೆ ಕರೆದುಕೊಂಡು ಹೋಗುವಾಗ ದಾರಿಯಲ್ಲಿ ಒಂದು ಸಲವಾದರೂ ನನ್ನ ಸುದ್ದಿ ಬಂದೇ ಬರುತ್ತಿತ್ತು. ನನಗೂ ಅದು ಹಿತವಾಗಿಯೇ ಇತ್ತು. ಬೇಡ ಎಂದು ಒಂದು ದಿನವೂ ಹೇಳಲಿಲ್ಲ. ಇದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ, ಯಾಕೆಂದರೆ ಮುಂದೆ ನಡೆದದ್ದಕ್ಕೆಲ್ಲ ಅಲ್ಲೇ ಬೇರು ಇದೆ.

ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದವರಲ್ಲಿ ನಾನೇ ಮೊದಲಿನವಳು. ಅಜ್ಜ ಒಡೆಯರೊಬ್ಬರ ಭೂಮಿಯನ್ನು ಗೇಣಿಗೆ ಮಾಡುತ್ತಿದ್ದವರು. ಉಳುವವನೇ ಒಡೆಯ ಎಂಬ ಕಾನೂನು ಬಂದು ಭೂಮಿ ನಮ್ಮದಾಯಿತು. ಅಪ್ಪ ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವರು. ಪಿಯುಸಿ ಮುಗಿದಾಗ ಮುಂದೆ ಏನು ಎಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮಾವ ಸಾಗರದ ಕಾಲೇಜಿನಿಂದ ಅರ್ಜಿ ತಂದು, ಜಗುಲಿಯ ಮೇಲೆ ಕೂತು, ‘ಫಿಸಿಕ್ಸು ತಗಳ್ಲಿ, ಕಷ್ಟ ಅಂತಾರೆ, ಕಷ್ಟದ್ದೇ ಇರ್ಲಿ’ ಎಂದು ಅಪ್ಪನ ಪರವಾಗಿ ತಾವೇ ತೀರ್ಮಾನಿಸಿದರು. ದಿನಾ ಎರಡು ಬಸ್ಸು ಬದಲಾಯಿಸಿ ಮೂರು ವರ್ಷ ಓಡಾಡಿದೆ. ಆಮೇಲೆ ಪರೀಕ್ಷೆ, ಎರಡು ಸಲ ಫೇಲು, ಮೂರನೆಯ ಸಲ ಪಾಸು, ತರಬೇತಿ, ದೂರದ ರಾಜ್ಯದಲ್ಲಿ ನಾಲ್ಕು ವರ್ಷದ ನೌಕರಿ. ಕೊನೆಗೆ ವರ್ಗ ಸಿಕ್ಕಿದ್ದು ಊರಿಗೆ ಎರಡು ತಾಸಿನ ದಾರಿಯಲ್ಲಿರುವ ಒಂದು ಸಣ್ಣ ನಿಲ್ದಾಣಕ್ಕೆ. ಯಾರ ಶಿಫಾರಸೂ ಇರಲಿಲ್ಲ. ಇದನ್ನು ಜಂಬಕ್ಕೆ ಹೇಳುತ್ತಿದ್ದೇನೆ ಎಂದು ಯಾರಾದರೂ ಅಂದರೆ, ಹೌದು, ಜಂಬಕ್ಕೇ.

ನಾನು ಚಿಕ್ಕವಳಿದ್ದಾಗ ಅಪ್ಪನ ಜೊತೆ ಹಳೆಯ ಒಡೆಯರ ಮನೆಗೆ ಹೋಗುತ್ತಿದ್ದೆ. ಅಷ್ಟು ಹೊತ್ತಿಗೆ ಅವರು ನಮಗೆ ಒಡೆಯರಾಗಿ ಉಳಿದಿರಲಿಲ್ಲ, ಆದರೆ ಅಪ್ಪನ ಕಾಲಿಗೆ ಆ ಅಭ್ಯಾಸ ಹೋಗಿರಲಿಲ್ಲ. ಅಂಗಳಕ್ಕೆ ಹೋಗುವ ದಾರಿಗೆ ಮೂರು ಬಿದಿರು ಗಳ ಅಡ್ಡ ಹಾಕಿದ ದಣಪೆ ಇತ್ತು. ಅಪ್ಪ ಅದರ ಹೊರಗೆ ನಿಂತು ಒಂದು ಸಲ ಕೂಗುತ್ತಿದ್ದರು, ಕಾಯುತ್ತಿದ್ದರು. ಒಳಗಿನಿಂದ ಉತ್ತರ ಬಾರದಿದ್ದರೆ ವಾಪಸ್ಸು. ಒಂದು ದಿನ ನನಗೆ ರೇಗಿ, ‘ಕೂಗಿದ್ದು ಕೇಳ್ಸಿರ್ತದೆ ಅಪ್ಪ, ಒಳಗೆ ಹೋಗಾಣ’ ಎಂದೆ.

‘ಕೇಳಿಸ್ತು ಅಂತ ಅವ್ರು ಹೇಳ್ಬೇಕು ಮಗಾ. ನಾವಲ್ಲ’ ಎಂದರು ಅಪ್ಪ.

ಆ ಮಾತು ನನ್ನನ್ನು ವರ್ಷಗಟ್ಟಲೆ ಸುಟ್ಟಿತ್ತು. ತರಬೇತಿಯ ಮೊದಲ ವಾರ ನಮ್ಮ ಮೇಷ್ಟರು ಹೆಚ್ಚುಕಡಿಮೆ ಅದನ್ನೇ ಇಂಗ್ಲಿಷಿನಲ್ಲಿ ಹೇಳಿದಾಗ ಬೆಚ್ಚಿಬಿದ್ದೆ. ಪೈಲಟ್ ಕರೆದರೆ ಸಾಲದು. ಟವರು ಅನುಮತಿ ಕೊಡಬೇಕು. ಕೊಟ್ಟದ್ದನ್ನು ಪೈಲಟ್ ತಿರುಗಿ ಹೇಳಿ ಒಪ್ಪಿಸಬೇಕು. ಅಲ್ಲಿಯವರೆಗೆ ಗೆರೆಯ ಹೊರಗೇ ಇರಬೇಕು. ಮೌನವನ್ನು ಯಾರೂ ಅನುಮತಿ ಎಂದು ತಿಳಿಯಬಾರದು. ಒಂದೇ ವ್ಯತ್ಯಾಸ. ದಣಪೆಯ ಹೊರಗೆ ನಿಲ್ಲುತ್ತಿದ್ದವರು ನಮ್ಮಂಥವರು ಮಾತ್ರ. ಇಲ್ಲಿ ಮಂತ್ರಿಯನ್ನು ಕೂರಿಸಿಕೊಂಡ ವಿಮಾನವೂ ಕಾಯುತ್ತದೆ. ಈ ಕೆಲಸ ನನಗೆ ಇಷ್ಟವಾಗಲು ಬೇರೆ ಕಾರಣ ಬೇಕಿರಲಿಲ್ಲ.

ಇಷ್ಟು ಹೇಳಿ ಆ ಶನಿವಾರಕ್ಕೆ ಬರುತ್ತೇನೆ. ನವರಾತ್ರಿಗೆ ಇನ್ನೂ ಒಂದು ವಾರವಿತ್ತು. ಮಳೆ ನಾಲ್ಕು ದಿನದಿಂದ ಬಿಡುವು ಕೊಟ್ಟಿತ್ತು. ಸಂಜೆ ಮಾವನ ಫೋನು. ಊಟ ತಿಂಡಿ, ಅಮ್ಮನ ಮಂಡಿನೋವು, ಎಲ್ಲ ಆದ ಮೇಲೆ, ‘ನಾಳೆ ಬೆಳಿಗ್ಗೆ ಗಾಳಿ ಹೆಂಗಿರ್ತದೆ ಮಾರಾಯ್ತಿ?’ ಎಂದು ಕೇಳಿದರು. ತೋಟಕ್ಕೆ ಕೊನೆಯ ಸಲ ಔಷಧಿ ಹೊಡೆಸಲು ಕೇಳುತ್ತಿದ್ದಾರೆ ಎಂದುಕೊಂಡೆ. ಪಡುವಣ ಗಾಳಿ, ಒಂಬತ್ತರವರೆಗೆ ಸಣ್ಣದು, ಹತ್ತರ ಮೇಲೆ ಜೋರಾಗಬಹುದು ಎಂದೆ. ಗಾಳಿಯೇನು ಗುಟ್ಟಲ್ಲ, ಯಾರ ಮೊಬೈಲಿನಲ್ಲೂ ಸಿಗುತ್ತದೆ. ಆದರೆ ಮಾವ ಆಚೆ ತಿರುಗಿ ಯಾರಿಗೋ ತಮ್ಮ ಮುರುಕು ಇಂಗ್ಲಿಷಿನಲ್ಲಿ ಅದನ್ನು ದಾಟಿಸಿದರು. ಯಾರೋ ನಕ್ಕು ಇಂಗ್ಲಿಷಿನಲ್ಲಿ ಏನೋ ಹೇಳಿದರು. ಅದು ನನಗೆ ಕೇಳಿಸಿತ್ತು. ಯಾರು ಎಂದು ನಾನು ಕೇಳಲಿಲ್ಲ.

ಭಾನುವಾರ ಬೆಳಗಿನ ಪಾಳಿ ನನ್ನದು. ನಮ್ಮ ಟವರಿನಲ್ಲಿ ಸಿನಿಮಾದಲ್ಲಿ ತೋರಿಸುವ ಹಾಗೆ ಹಸಿರು ಪರದೆ, ಓಡುವ ಚುಕ್ಕಿ ಏನೂ ಇಲ್ಲ. ಕಿಟಕಿ ಇದೆ, ದುರ್ಬೀನು ಇದೆ, ರೇಡಿಯೊ ಇದೆ. ಯಾವ ವಿಮಾನ ಎಲ್ಲಿದೆ ಎನ್ನುವುದು ಪೈಲಟ್ ಹೇಳಿದಾಗಲೇ ನನಗೆ ಗೊತ್ತಾಗುವುದು. ಹೇಳದೆ ಬಂದವರು ನನ್ನ ಪಾಲಿಗೆ ಇಲ್ಲವೇ ಇಲ್ಲ. ಅಲ್ಲೇ ಅಪಾಯ.

ಹತ್ತೂವರೆಯ ಹೊತ್ತಿಗೆ ಪಡುವಣದಿಂದ ಒಂದು ಪ್ರಯಾಣಿಕರ ವಿಮಾನ ಇಳಿಯುತ್ತ ಬರುತ್ತಿತ್ತು. ಐದು ಸಾವಿರ ಅಡಿಗೆ ಇಳಿಯಲು ಹೇಳಿದ್ದೆ, ಪೈಲಟ್ ತಿರುಗಿ ಒಪ್ಪಿಸಿದ್ದರು. ಎರಡು ನಿಮಿಷವಾಗಿರಬೇಕು. ಅದೇ ದನಿ, ಆದರೆ ಬೇರೆ ವೇಗದಲ್ಲಿ ಬಂತು. ತಮ್ಮ ಬಲಕ್ಕೆ, ಸ್ವಲ್ಪ ಕೆಳಗೆ, ಬಣ್ಣದ ಎರಡು ರೆಕ್ಕೆಗಳಿವೆ, ಅವುಗಳಿಗೆ ಮನುಷ್ಯರು ನೇತಾಡುತ್ತಿದ್ದಾರೆ, ಇದು ನಿಮಗೆ ಗೊತ್ತೇ ಎಂದು ಕೇಳಿದರು.

ನನಗೆ ಗೊತ್ತಿರಲಿಲ್ಲ. ಇಳಿಯುವುದನ್ನು ನಿಲ್ಲಿಸಿ ಮೇಲೇರಿ, ಎಡಕ್ಕೆ ತಿರುಗಿ ಎಂದೆ. ದನಿ ನಡುಗಲಿಲ್ಲ, ಅದಕ್ಕೇ ತರಬೇತಿ ಕೊಡುವುದು. ಹೊರಡಲು ನಿಂತಿದ್ದ ಇನ್ನೊಂದು ವಿಮಾನವನ್ನು ತಡೆದೆ. ಆ ರೆಕ್ಕೆಯವರನ್ನು ನಮ್ಮ ರೇಡಿಯೊ ಅಲೆಯಲ್ಲಿ ಕರೆದೆ, ತುರ್ತು ಅಲೆಯಲ್ಲಿ ಕರೆದೆ. ಉತ್ತರವಿಲ್ಲ. ನಮ್ಮ ಹಿರಿಯ ಅಧಿಕಾರಿಗೂ ಪೊಲೀಸರಿಗೂ ಫೋನು ಹೋಯಿತು. ದುರ್ಬೀನಿನಲ್ಲಿ ಕೊನೆಗೆ ನನಗೂ ಕಂಡರು: ಒಂದು ಕಿತ್ತಳೆ, ಒಂದು ನೀಲಿ, ದಾರಕ್ಕೆ ಒಣಹಾಕಿದ ಬಟ್ಟೆಯ ಹಾಗೆ. ಬೆನ್ನಿಗೆ ಫ್ಯಾನು ಕಟ್ಟಿಕೊಂಡು ಹಾರುವ ಪ್ಯಾರಾಮೋಟಾರು. ಗಾಳಿ ಒಯ್ದ ಕಡೆಗೆ ತೇಲುತ್ತ ನಿಧಾನವಾಗಿ ಇಳಿದು ಒಂದು ಮೆಕ್ಕೆಜೋಳದ ಹೊಲದ ಹಿಂದೆ ಮರೆಯಾದರು. ವಿಮಾನ ಅರ್ಧ ಗಂಟೆ ಮೇಲೆ ಸುತ್ತು ಹೊಡೆದು ಆಮೇಲೆ ಇಳಿಯಿತು. ಅದರಲ್ಲಿದ್ದವರು ತಡವಾಯಿತೆಂದು ಗೊಣಗುತ್ತ ಸಾಮಾನು ಎಳೆದುಕೊಂಡು ಹೋಗುವುದು ಟವರಿನಿಂದ ಕಾಣಿಸುತ್ತಿತ್ತು. ಯಾಕೆ ತಡವಾಯಿತೆಂದು ಯಾರಿಗೂ ಗೊತ್ತಿಲ್ಲ.

ಮಧ್ಯಾಹ್ನ ಪೊಲೀಸರು ಇಬ್ಬರನ್ನೂ ಕರೆತಂದರು. ಗಂಡ ಹೆಂಡತಿ, ಐವತ್ತು ದಾಟಿದವರು, ವಿದೇಶದವರು. ಹೊಲದಲ್ಲಿ ಇಳಿದಾಗ ಊರಿನವರು ಎಳನೀರು ಕೊಟ್ಟು, ಫೋಟೊ ತೆಗೆಸಿಕೊಂಡು, ಕುಂಕುಮ ಇಟ್ಟು ಕಳಿಸಿದ್ದರು. ಹಣೆಯಲ್ಲಿ ಕುಂಕುಮ ಹಾಗೇ ಇತ್ತು. ನಮ್ಮ ಹಿರಿಯ ಅಧಿಕಾರಿಯ ಕೋಣೆಯಲ್ಲಿ ಅವರಿಗೆ ಕುರ್ಚಿ ಕೊಟ್ಟಿದ್ದರು. ಅನುಮತಿ ಪತ್ರ ಎಲ್ಲಿ ಎಂದಾಗ ಗಂಡ ಬಹಳ ಜೋಪಾನವಾಗಿ ಪ್ಲಾಸ್ಟಿಕ್ ಕವರಿನಿಂದ ಒಂದು ಕಾಗದ ತೆಗೆದರು.

ಕನ್ನಡದಲ್ಲಿತ್ತು. ಓದಲು ನನಗೇ ಕೊಟ್ಟರು. ಸದರಿ ವಿದೇಶಿ ಪ್ರವಾಸಿಗರು ಈ ಗ್ರಾಮ ಪಂಚಾಯಿತಿಯ ವ್ಯಾಪ್ತಿಯಲ್ಲಿ ಹಾರಾಡಲು ನಮ್ಮದೇನೂ ಅಭ್ಯಂತರವಿರುವುದಿಲ್ಲ ಎಂದು ಬರೆದು, ಸಹಿ ಮಾಡಿ, ದುಂಡು ಮೊಹರು ಒತ್ತಿದ್ದರು. ಪಂಚಾಯಿತಿಯ ವ್ಯಾಪ್ತಿ ಎಷ್ಟು ಅಡಿ ಎತ್ತರದವರೆಗೆ ಎಂದು ಬರೆದಿರಲಿಲ್ಲ. ಅರ್ಜಿದಾರರ ಹೆಸರಿನ ಜಾಗದಲ್ಲಿ ನನ್ನ ಮಾವನ ಹೆಸರಿತ್ತು.

ನಾನು ತಲೆ ಎತ್ತುವ ಮೊದಲೇ ಆತ ನನ್ನತ್ತ ಬಗ್ಗಿ, ಇಂಗ್ಲಿಷಿನಲ್ಲಿ, ‘ಅವರ ತಂಗಿಯ ಮಗಳು ನೀವೇ ಅಲ್ಲವೆ?’ ಎಂದು ಕೇಳಿದರು. ಮುಖದಲ್ಲಿ ನಿಜವಾದ ಸಂತೋಷ. ‘ಗಾಳಿ ನೀವು ಹೇಳಿದ ಹಾಗೇ ಇತ್ತು. ಹತ್ತಕ್ಕೆ ಸರಿಯಾಗಿ ಜೋರಾಯಿತು.’

ಹಿರಿಯ ಅಧಿಕಾರಿಯ ಪೆನ್ನು ನಿಂತಿತು.

ಆಮೇಲೆ ತಿಳಿದದ್ದು ಇಷ್ಟು. ಅವರ ದೇಶದಲ್ಲಿ ಕೆಳಗಿನ ಆಕಾಶ ಬಹುಪಾಲು ಮುಕ್ತವಂತೆ. ನಕ್ಷೆಯಲ್ಲಿ ಗುರುತು ಹಾಕಿದ ಜಾಗ ಬಿಟ್ಟು ಎಲ್ಲಿ ಬೇಕಾದರೂ ಕೇಳದೆ ಹಾರಬಹುದಂತೆ. ಇಲ್ಲಿಯದು ಬೇರೆ ಎಂದು ಓದಿದ್ದರು. ಆದರೆ ಮನೆಯ ಯಜಮಾನರೇ ಸರ್ಕಾರಿ ಮೊಹರಿನ ಕಾಗದ ತಂದುಕೊಟ್ಟು, ಮೇಲೆ ಕೂತಿರುವವಳು ನಮ್ಮ ಹುಡುಗಿಯೇ ಎಂದ ಮೇಲೆ ಮತ್ತೇನು ಬೇಕು? ಹೊಸನಗರದ ಗಡಿಯ ಬೋಳುಗುಡ್ಡದಿಂದ ಒಂಬತ್ತಕ್ಕೆ ಹಾರಿದರು. ಹತ್ತಕ್ಕೆ ಗಾಳಿ ಬಲವಾಯಿತು, ಎದುರು ಗಾಳಿಯಲ್ಲಿ ವಾಪಸ್ಸು ಬರಲಾಗಲಿಲ್ಲ, ಕೆಳಗೆ ಬರೀ ಕಾಡು. ಗಾಳಿಯ ಜೊತೆಯಲ್ಲೇ ಬಯಲು ಕಾಣುವ ತನಕ ಬಂದರು. ಅವರ ರೇಡಿಯೊ ಅವರಿಬ್ಬರು ಮಾತಾಡಿಕೊಳ್ಳಲು ಮಾತ್ರ.

ವಿಮಾನ ಎಷ್ಟು ಹತ್ತಿರವಿತ್ತು ಎಂದು ನಾನು ವಿವರಿಸಿದೆ. ಅದರ ಹಿಂದೆ ಏಳುವ ಗಾಳಿಯ ಸುಳಿ ಅವರ ಬಟ್ಟೆಯ ರೆಕ್ಕೆಯನ್ನು ಮಡಚಿಹಾಕಬಹುದಿತ್ತು ಎಂದೆ. ಹೆಂಡತಿಯ ಮುಖ ಬಿಳುಚಿತು. ಗಂಡ ಸಹನೆಯಿಂದ ಕೇಳಿ, ಮೆಲ್ಲಗೆ ನಕ್ಕು, ‘ಆದರೆ ಏನೂ ಆಗಲಿಲ್ಲವಲ್ಲ’ ಎಂದರು.

ಆ ಮಾತನ್ನು ಮುಂದಿನ ಒಂದು ತಿಂಗಳು ನಾನು ಎಷ್ಟು ಬಾಯಲ್ಲಿ ಕೇಳಿದೆನೋ ಲೆಕ್ಕವಿಲ್ಲ. ಪೊಲೀಸರು ಅಂದರು, ಅತ್ತೆ ಅಂದರು, ಹಾಲಿನ ಡೇರಿಯವರು ಅಂದರು. ದೇಶ ಬಿಟ್ಟು ಬಂದವರು, ಪಾಪ, ಏನೂ ಆಗಲಿಲ್ಲವಲ್ಲ. ಏನೂ ಆಗದ ಹಾಗೆ ನೋಡಿಕೊಳ್ಳುವುದಕ್ಕೇ ನನಗೆ ಸಂಬಳ ಕೊಡುವುದು ಎಂದು ಯಾರ ಹತ್ತಿರ ಹೇಳುವುದು?

ಸಂಜೆಯೊಳಗೆ ನಾನು ವರದಿ ಬರೆಯಬೇಕಿತ್ತು. ಅದಕ್ಕೂ ಮೊದಲು ಮಾವ ಜೀಪು ಓಡಿಸಿಕೊಂಡು ಬಂದರು. ಗೇಟಿನ ಹೊರಗೆ, ಕಾರು ನಿಲ್ಲಿಸುವ ಜಾಗದಲ್ಲಿ ಭೇಟಿಯಾದೆ. ಬಿಳಿ ಪಂಚೆ, ಇಸ್ತ್ರಿಯ ಅಂಗಿ. ಸರ್ಕಾರಿ ಕಚೇರಿಗೆ ಹೋಗುವಾಗಿನ ವೇಷ. ಪೊಲೀಸರು ತಮ್ಮ ಮೇಲೂ ಕೇಸು ಹಾಕುತ್ತಾರಂತೆ, ಹೋಂಸ್ಟೇಗೆ ಬೀಗ ಹಾಕಿಸುತ್ತಾರಂತೆ ಎಂದು ಒಂದೇ ಉಸಿರಿಗೆ ಹೇಳಿದರು.

‘ದಾರಿ ತಪ್ಪಿ ಬಂದ್ರು ಅಂತ ಬರಿ ಮಗಾ. ಸುಳ್ಳೇನಲ್ವಲ್ಲ.’

‘ದಾರಿ ತಪ್ಪಿದ್ದು ಹೌದು ಮಾವ. ದಾರಿ ತೋರ್ಸಿದ್ದು ಯಾರು?’

‘ನಾನು ಕದ್ದು ಮಾಡಿದ್ನಾ? ಪಂಚಾಯ್ತಿಲಿ ಬರೆಸ್ಕಂಡು ಮೊಹರು ಹಾಕ್ಸಿದೀನಿ. ನಿನ್ನನ್ನೂ ಕೇಳಿದೀನಿ.’

‘ನನ್ನ ಎಲ್ಲಿ ಕೇಳಿದ್ರಿ?’

‘ಶನಿವಾರ ಫೋನ್ ಮಾಡಿದ್ನಲ್ಲ. ಗಾಳಿ ಹೆಂಗಿದೆ ಅಂತ ಕೇಳಿದ್ನಲ್ಲ. ಬೇಡ ಅನ್ಬೋದಿತ್ತು ನೀನು. ಅನ್ಲಿಲ್ಲ.’

ಮಾವ ನೆಪ ಹೇಳುತ್ತಿರಲಿಲ್ಲ. ಅವರ ಲೆಕ್ಕದಲ್ಲಿ ಅವರು ನಿಜವಾಗಿಯೂ ಕೇಳಿದ್ದರು. ನಮ್ಮ ಕಡೆ ಯಾರೂ ಏನನ್ನೂ ನೇರವಾಗಿ ಕೇಳುವುದಿಲ್ಲ. ಹೋರಿ ಬೇಕಾದವರು ಬಂದು ಕೂತು, ಈ ಸಲ ಹುಲ್ಲು ಹೇಗೆ ಎಂದು ಕೇಳುತ್ತಾರೆ. ಹೆಣ್ಣು ಕೇಳಲು ಬಂದವರು ಮಳೆಯ ಮಾತಾಡಿ, ಬಾವಿಯ ಮಾತಾಡಿ, ಎಲೆ ಅಡಿಕೆ ಹಾಕಿಕೊಂಡು ಎದ್ದು ಹೋಗುತ್ತಾರೆ. ಕೊಡಲು ಮನಸ್ಸಿಲ್ಲದವರು ಮಾತು ಬದಲಿಸುತ್ತಾರೆ. ಮಾತು ಬದಲಿಸದಿದ್ದರೆ ಒಪ್ಪಿಗೆ. ಎದುರಿನವರಿಗೆ ಇಲ್ಲ ಎನ್ನುವ ಕಷ್ಟ ಕೊಡಬಾರದೆಂಬ ಮರ್ಯಾದೆ ಅದು. ಅದೇ ಮರ್ಯಾದೆಯಲ್ಲಿ ಬೆಳೆದ ನಾನು ಆ ಫೋನಿನಲ್ಲಿ ಮಾತು ಬದಲಿಸಲಿಲ್ಲ. ಹಿಂದಿನ ನಗು ಕೇಳಿಸಿಯೂ ಯಾರೆಂದು ಕೇಳಲಿಲ್ಲ. ಗಾಳಿಯ ವಿವರವನ್ನು ಜಾಣತನದಿಂದ ಒಪ್ಪಿಸಿದೆ. ಮಾವನ ಪ್ರಕಾರ ಟವರು ಅನುಮತಿ ಕೊಟ್ಟಿತ್ತು.

ಸಿಟ್ಟು ಯಾರ ಮೇಲೆಂದು ತಿಳಿಯಲಿಲ್ಲ. ನಕ್ಷೆ ಓದಲು ಬಂದರೂ ತಮ್ಮ ಭಾಷೆಯಲ್ಲದ ಕಾಗದವನ್ನು ನಂಬಿ ಹಾರಿದ ಆ ವಿದೇಶಿಯರ ಮೇಲೋ, ಆಕಾಶಕ್ಕೆ ಪಂಚಾಯಿತಿ ಮೊಹರು ಒತ್ತಿಸಿದ ಮಾವನ ಮೇಲೋ, ಆಕಾಶದ ಆಫೀಸರು ಎನ್ನಿಸಿಕೊಂಡು ಬೀಗಿದ ನನ್ನ ಮೇಲೋ.

ಒಳಗೆ ಬಂದಾಗ ಹಿರಿಯ ಅಧಿಕಾರಿ ಬಾಗಿಲು ಮುಂದೆ ಮಾಡಿದರು. ಒಳ್ಳೆಯ ಮನುಷ್ಯರು, ನಿವೃತ್ತಿಗೆ ಹತ್ತಿರದವರು. ರೇಡಿಯೊದಲ್ಲಿ ನಡೆದದ್ದನ್ನು ನಿಮಿಷ ನಿಮಿಷಕ್ಕೆ ಬರೆಯಬೇಕೆಂದರು. ಆಮೇಲೆ, ಮನೆಯ ಫೋನಿನ ವಿಚಾರ ರೇಡಿಯೊದಲ್ಲಿ ನಡೆದದ್ದಲ್ಲವಲ್ಲ ಎಂದರು. ಅವರೂ ನೇರವಾಗಿ ಹೇಳಲಿಲ್ಲ ನೋಡಿ.

ಕಂಪ್ಯೂಟರಿನ ಮುಂದೆ ಕೂತೆ. ಫೋನಿನ ವಿಷಯ ಬಿಟ್ಟರೆ ನನ್ನ ಹೆಸರು ಹೊಗಳಿಕೆಯ ಜಾಗದಲ್ಲಿ ಬರುತ್ತಿತ್ತು: ಸಮಯಕ್ಕೆ ಸರಿಯಾಗಿ ವಿಮಾನ ತಿರುಗಿಸಿದವಳು. ಬರೆದರೆ, ಎರಡು ಬಸ್ಸು ಬದಲಾಯಿಸಿ, ಎರಡು ಸಲ ಫೇಲಾಗಿ ಗಳಿಸಿದ ಆ ಕುರ್ಚಿಗೆ ಏನಾಗುತ್ತದೋ ಗೊತ್ತಿರಲಿಲ್ಲ. ಆದರೆ ಬಿಟ್ಟರೆ ಮಾವನೊಬ್ಬರೇ ತಪ್ಪಿತಸ್ಥರಾಗಿ ಉಳಿಯುತ್ತಾರೆ. ಅದೂ ನಿಜವಲ್ಲ. ಕೊನೆಗೆ ಎಲ್ಲ ಬರೆದೆ. ಪಂಚಾಯಿತಿ ಕಾಗದ ಯಾರು ಮಾಡಿಸಿದ್ದು, ನನಗೂ ಅವರಿಗೂ ಏನು ಸಂಬಂಧ, ಹಿಂದಿನ ದಿನ ನಾನು ಫೋನಿನಲ್ಲಿ ಹೇಳಿದ ಗಾಳಿ, ಹಿಂದೆ ಕೇಳಿಸಿದ ಇಂಗ್ಲಿಷ್ ದನಿ, ಕೇಳಬೇಕಾಗಿತ್ತು ಕೇಳಲಿಲ್ಲ ಎಂಬುದು. ಸಹಿ ಮಾಡಿದೆ. ಹಿರಿಯ ಅಧಿಕಾರಿ ಓದಿ, ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡು ತಾವೂ ಸಹಿ ಮಾಡಿದರು.

ನಾಲ್ಕು ವಾರ ನನ್ನನ್ನು ಮೈಕಿನಿಂದ ದೂರ ಇಟ್ಟರು. ಕೆಳಗಿನ ಕೋಣೆಯಲ್ಲಿ ಹಳೆಯ ಫೈಲು ಜೋಡಿಸುವ ಕೆಲಸ. ವಿಚಾರಣೆಗೆ ಬಂದವರು ಎರಡು ದಿನ ಅದನ್ನೇ ತಿರುಗಿಸಿ ಮುರುಗಿಸಿ ಕೇಳಿದರು. ಒಂದು ಲಿಖಿತ ಎಚ್ಚರಿಕೆ ನನ್ನ ಸರ್ವಿಸ್ ಪುಸ್ತಕದಲ್ಲಿ ಕೂತಿತು, ಮೊದಲ ಮಚ್ಚೆ. ಮಾವ ತೀರ್ಥಹಳ್ಳಿಗೆ ಅಲೆದು ಅಲೆದು, ಹೋಂಸ್ಟೇ ಬೋರ್ಡು ಇಳಿಸಿ, ಕೊನೆಗೆ ಮುಚ್ಚಳಿಕೆ ಬರೆದುಕೊಟ್ಟು ಬಂದರು. ಆ ದಂಪತಿಯ ಯಂತ್ರಗಳನ್ನು ಜಪ್ತಿ ಮಾಡಿ, ಕೆಲವು ವಾರದ ಮೇಲೆ ಬಿಟ್ಟುಕೊಟ್ಟು ಊರಿಗೆ ಕಳಿಸಿದರು. ಅವರು ಹೋಗಿ ಒಂದು ವಿಡಿಯೊ ಹಾಕಿದರು. ಶರಾವತಿ ಹಿನ್ನೀರು, ಮೋಡ, ಹಸಿರು, ಹಿನ್ನೆಲೆಯಲ್ಲಿ ಕೊಳಲು. ಒಂದು ಕಡೆ, ಮೂಲೆಯಲ್ಲಿ, ಒಂದು ವಿಮಾನ ಹಾದುಹೋಗುತ್ತದೆ. ಕೆಳಗೆ ಜನ ಹೃದಯದ ಚಿತ್ರ ಹಾಕಿದ್ದಾರೆ. ಒಂದೇ ಸಲ ನೋಡಿದೆ.

ಮನೆಯಲ್ಲಿ ಅಮ್ಮ ಮೂರು ವಾರ ಮುಖ ಕೊಟ್ಟು ಮಾತಾಡಲಿಲ್ಲ. ಕಾಲೇಜಿನ ಅರ್ಜಿ ತಂದವನ ಹೆಸರನ್ನೇ ಪೊಲೀಸ್ ಕಾಗದದಲ್ಲಿ ಬರೆದೆಯಲ್ಲ ಎಂದು ಒಂದೇ ಸಲ ಅಂದರು, ಅಷ್ಟು ಸಾಕಿತ್ತು. ಅಪ್ಪ ಮಾತ್ರ ಕೊಟ್ಟಿಗೆಯ ಹತ್ತಿರ ಸಿಕ್ಕಾಗ, ‘ನೀನು ಗಾಳಿ ಹೇಳಿದ್ದೂ ಬರ್ದೆಯಾ?’ ಎಂದು ಕೇಳಿದರು. ಬರೆದೆ ಎಂದೆ. ‘ಆಯ್ತು’ ಎಂದು ಹುಲ್ಲಿನ ಹೊರೆ ಬಿಚ್ಚತೊಡಗಿದರು.

ಮಾವ ಫೋನು ಮಾಡಲಿಲ್ಲ. ನಾನು ಮಾಡಿದರೆ ಅತ್ತೆ ಎತ್ತಿ, ಅವರು ತೋಟದಲ್ಲಿದ್ದಾರೆ ಎನ್ನುತ್ತಿದ್ದರು. ಹೀಗೇ ನವರಾತ್ರಿ ಕಳೆಯಿತು. ಮತ್ತೆ ಟವರಿಗೆ ಹತ್ತಿದ ವಾರದಲ್ಲಿ, ಪಾಳಿ ಮುಗಿಸಿ ಇಳಿಯುತ್ತಿರುವಾಗ ಫೋನಿನಲ್ಲಿ ಅವರ ಹೆಸರು ಕಂಡಿತು. ಎತ್ತಿದೆ.

‘ಗಾಳಿ ಕೇಳಕ್ಕೆ ಮಾಡಿದ್ದಲ್ಲ ಮಾರಾಯ್ತಿ’ ಎಂದರು ಮಾವ. ‘ನೇರ ಕೇಳ್ತೀನಿ. ದೀಪಾವಳಿಗೆ ನಮ್ಮನೆಗೆ ಬರ್ತೀಯಾ, ಇಲ್ವಾ? ಹೌದು ಅನ್ನು, ಇಲ್ಲ ಅನ್ನು.’

ನಲವತ್ತು ವರ್ಷ ಹುಲ್ಲಿನ ಮಾತಾಡಿ ಹೋರಿ ಕೇಳಿದ ಮನುಷ್ಯ. ಆ ಒಂದು ಪ್ರಶ್ನೆಗೆ ಅವರು ಎಷ್ಟು ದಿನ ತಯಾರಾಗಿದ್ದರೋ.

‘ಬರ್ತೀನಿ ಮಾವ.’

‘ಬರ್ತೀನಿ ಅಂದ್ಯಲ್ಲ?’

‘ಹೌದು. ಬರ್ತೀನಿ ಅಂದೆ.’

‘ಹಂಗಾರೆ ಸರಿ’ ಎಂದು ಫೋನಿಟ್ಟರು.